ಎರಡು ಹೊಳೆ, ಮೂರು ಊರು

ಭೂಪಟದಲ್ಲಿ ಯಾದಗಿರಿ ಜಿಲ್ಲೆಯನ್ನು ನೋಡುವವರು ಮೊದಲು ಎರಡು ಹೊಳೆಗಳನ್ನು ಗುರುತಿಸಿಕೊಂಡರೆ ಉಳಿದದ್ದು ಸುಲಭ. ಉತ್ತರದಿಂದ ಭೀಮೆ ಆಗ್ನೇಯಕ್ಕೆ ಇಳಿದು ಬರುತ್ತದೆ. ಪಶ್ಚಿಮದಿಂದ ಕೃಷ್ಣೆ ಪೂರ್ವಕ್ಕೆ ಹರಿಯುತ್ತದೆ. ರಾಯಚೂರಿನ ಉತ್ತರಕ್ಕೆ ಇವೆರಡೂ ಕೂಡುತ್ತವೆ. ಕೂಡುವ ಮೊದಲು ನಡುವೆ ಉಳಿಯುವ ನೆಲ ನೇಗಿಲ ಗುಳದಂತೆ ಪಶ್ಚಿಮದಲ್ಲಿ ಅಗಲ, ಪೂರ್ವದಲ್ಲಿ ಚೂಪು. ಶಹಾಪುರ ಮತ್ತು ಸುರಪುರ ಈ ನೆಲದ ಮೇಲಿವೆ. ಯಾದಗಿರಿ ಮಾತ್ರ ಭೀಮೆಯ ಆಚೆ ದಂಡೆಗಿದೆ.

ಯಾದಗಿರಿಯಿಂದ ಶಹಾಪುರಕ್ಕೆ ಸುಮಾರು 35 ಕಿಲೋಮೀಟರು, ಅಲ್ಲಿಂದ ಸುರಪುರಕ್ಕೆ ಸುಮಾರು 25 ಕಿಲೋಮೀಟರು. ಮುಂಜಾನೆ ಬಸ್ಸು ಹತ್ತಿದವರು ಮಧ್ಯಾಹ್ನದೊಳಗೆ ಮೂರೂ ಊರು ಸುತ್ತಿ ಬರಬಹುದು. ಆದರೆ ಇತಿಹಾಸದಲ್ಲಿ ಈ ಮೂರು ಊರುಗಳು ಬಲು ದೂರ ದೂರ ನಿಂತಿವೆ. ಸುರಪುರ ಒಂದೂವರೆ ಶತಮಾನ ರಾಜಧಾನಿಯಾಗಿತ್ತು. ಮೊಗಲ್ ಬಾದಶಹನನ್ನು ಎದುರಿಸಿದ, 1858ರಲ್ಲಿ ಇಂಗ್ಲಿಷರ ವಿರುದ್ಧ ಕಾದಾಡಿದ ನಾಯಕರ ಸಂಸ್ಥಾನ ಅದು. ಶಾಲೆಯ ಪಠ್ಯದಲ್ಲಿ ಈ ಭಾಗದ ಯಾವುದಾದರೂ ಊರಿನ ಹೆಸರಿದ್ದರೆ ಅದು ಸುರಪುರ. ಆದರೂ 2009ರ ಡಿಸೆಂಬರ್ 30ರಂದು ಗುಲಬರ್ಗಾ ಜಿಲ್ಲೆಯನ್ನು ಒಡೆದು ರಾಜ್ಯದ 30ನೆಯ ಜಿಲ್ಲೆಯನ್ನು ಮಾಡಿದಾಗ ಹೆಸರೂ ಕಚೇರಿಗಳೂ ಯಾದಗಿರಿಗೆ ಹೋದವು.

ಇದು ಯಾರೋ ಒಬ್ಬರು ಒಂದು ದಿನ ಕೈಗೊಂಡ ತೀರ್ಮಾನವೆಂದು ತಿಳಿದರೆ ಈ ಪ್ರದೇಶದ ಕಥೆ ಅರ್ಥವಾಗುವುದಿಲ್ಲ. ಗುಡ್ಡ, ರೈಲು, ಕಾಲುವೆ ಎಂಬ ಮೂರು ಸಂಗತಿಗಳು ಒಂದರ ಹಿಂದೊಂದು ಬಂದು ಇಲ್ಲಿನ ಊರುಗಳ ಹಣೆಬರಹವನ್ನು ಬರೆದಿವೆ. ಗುಡ್ಡ ಸುರಪುರವನ್ನು ಎತ್ತಿತು, ರೈಲು ಯಾದಗಿರಿಯನ್ನು ಬೆಳೆಸಿತು, ಕಾಲುವೆ ಶಹಾಪುರದ ಬದುಕನ್ನು ಬದಲಿಸಿತು.

ಕಲ್ಲಿನ ನಾಡು

ಶಹಾಪುರ, ಸುರಪುರಗಳ ಸುತ್ತಲಿನ ಸೀಮೆಯನ್ನು ಜನ ಸಗರನಾಡು ಎಂದು ಕರೆಯುತ್ತಾರೆ. ಶಹಾಪುರಕ್ಕೆ ಹತ್ತಿರದ ಸಗರ ಎಂಬ ಊರಿನಿಂದ ಬಂದ ಹೆಸರಿದು. ಸುತ್ತಲೂ ಎರೆ ಹೊಲಗಳ ಬಯಲು, ನಡುನಡುವೆ ದೊಡ್ಡ ದೊಡ್ಡ ಬಂಡೆಗಳನ್ನು ಪೇರಿಸಿಟ್ಟಂಥ ಗುಡ್ಡಗಳ ಸಾಲು. ಶಹಾಪುರದ ಬಳಿಯ ಗುಡ್ಡಗಳು ದೂರದಿಂದ ನೋಡಿದರೆ ಅಂಗಾತ ಮಲಗಿದ ಮನುಷ್ಯಾಕೃತಿಯಂತೆ ಕಾಣುತ್ತವೆ. ಹಣೆ, ಮೂಗು, ಗದ್ದ, ಎದೆ ಎಲ್ಲವೂ ಗುರುತು ಸಿಗುವಷ್ಟು ಸ್ಪಷ್ಟ. ಮಲಗಿದ ಬುದ್ಧನ ಬೆಟ್ಟವೆಂದೇ ಅದಕ್ಕೆ ಹೆಸರಾಗಿದೆ. ಅದು ಪ್ರಕೃತಿಯ ಕೈಕೆಲಸ. ಆದರೆ ಭೀಮೆಯ ದಂಡೆಗುಂಟ ಮೇಲಕ್ಕೆ ಹೋದರೆ ಸಿಗುವ ಸನ್ನತಿಯಲ್ಲಿ ಅಶೋಕನ ಶಾಸನಗಳೂ, ಪಕ್ಕದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪದ ಅವಶೇಷಗಳೂ ದೊರೆತಿರುವುದರಿಂದ ಈ ಹೆಸರಿಗೆ ಒಂದು ಹೊಂದಿಕೆ ಬಂದಿದೆ.

ಈ ಕಲ್ಲುಗುಡ್ಡಗಳ ನಡುವಿನ ಕಣಿವೆಗಳಲ್ಲಿ ಮನುಷ್ಯ ನೆಲೆಸಿದ್ದು ಎಷ್ಟು ಹಿಂದೆ ಎಂಬುದಕ್ಕೆ ಹುಣಸಗಿ ಮತ್ತು ಬೈಚಬಾಳ ಕಣಿವೆಗಳು ಉತ್ತರ ಕೊಡುತ್ತವೆ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ತ್ವಜ್ಞ ಕೆ. ಪದ್ದಯ್ಯ ಅವರು ದಶಕಗಳ ಕಾಲ ಇಲ್ಲಿ ನಡೆದಾಡಿ, ಹಳೆಯ ಶಿಲಾಯುಗದ ನೂರಕ್ಕೂ ಹೆಚ್ಚು ನೆಲೆಗಳನ್ನು ಗುರುತಿಸಿದರು. ಇಸಾಂಪುರದಲ್ಲಿ ಸಿಕ್ಕಿದ್ದು ಆದಿಮಾನವನ ಒಂದು ಕಲ್ಲುಗಣಿ. ಅಲ್ಲಿನ ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಡೆದು ಆತ ಕೈಗೊಡಲಿಗಳನ್ನು ಮಾಡಿಕೊಂಡಿದ್ದ. ಅದೇ ನೆಲೆಯಲ್ಲಿ ದೊರೆತ ಪ್ರಾಣಿಯ ಹಲ್ಲುಗಳ ಪರೀಕ್ಷೆಯಿಂದ ಅದರ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂದು ಅಂದಾಜು ಮಾಡಲಾಗಿದೆ. ಭಾರತದಲ್ಲಿ ಮನುಷ್ಯನ ಇಷ್ಟು ಹಳೆಯ ಗುರುತುಗಳು ಸಿಕ್ಕಿರುವ ಸ್ಥಳಗಳು ಬೆರಳೆಣಿಕೆಯಷ್ಟು. ಬೇಸಿಗೆಯಲ್ಲೂ ಬತ್ತದ ಒರತೆಗಳು ಈ ಕಣಿವೆಗಳಲ್ಲಿವೆ. ಕಲ್ಲೂ ನೀರೂ ಒಟ್ಟಿಗೆ ಸಿಕ್ಕ ಕಡೆ ಆದಿಮಾನವ ನಿಂತ.

ಮುಂದೆ ದನ ಸಾಕುವ ಜನ ಬಂದರು. ಅವರು ಬಿಟ್ಟುಹೋದದ್ದು ಬೂದಿಯ ದಿಬ್ಬ. ದನದ ಹಟ್ಟಿಗಳಲ್ಲಿ ಗುಡ್ಡೆಯಾದ ಸಗಣಿ ಸುಟ್ಟು ಉಂಟಾದ ಇಂಥ ದಿಬ್ಬಗಳಲ್ಲಿ ಒಂದನ್ನು ಪದ್ದಯ್ಯ ಅವರು ಬೂದಿಹಾಳದಲ್ಲಿ ಉತ್ಖನನ ಮಾಡಿ ಪರಿಶೀಲಿಸಿದರು. ಉತ್ಖನನಕ್ಕಿಂತ ಎಷ್ಟೋ ಮೊದಲೇ ಊರಿನ ಹೆಸರಿನಲ್ಲಿ ಬೂದಿ ಸೇರಿಕೊಂಡಿತ್ತು ಎಂಬುದು ಗಮನಿಸತಕ್ಕ ವಿಷಯ.

ಮಧ್ಯಯುಗದ ಹೊತ್ತಿಗೆ ಈ ನೆಲ ವಚನಕಾರರ ಸೀಮೆಯಾಗಿತ್ತು. ಆದ್ಯ ವಚನಕಾರರಲ್ಲಿ ಒಬ್ಬನಾದ ದಾಸಿಮಯ್ಯನ ಊರು ಮುದನೂರು, ಕೆಂಭಾವಿ ಭೋಗಣ್ಣನ ಕೆಂಭಾವಿ ಎರಡೂ ಇಲ್ಲಿಯವೇ. ಆಮೇಲಿನ ಕಾಲದ ಕೊಡೇಕಲ್ಲ ಬಸವಣ್ಣ, ಕೃಷ್ಣೆಯ ದಂಡೆಯ ತಿಂಥಣಿ ಮೌನೇಶ್ವರ ಇವರ ಗದ್ದುಗೆಗಳಿಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಚಂದಾ ಹುಸೇನಿ ದರ್ಗಾ ಇದೆ. ಬಿಜಾಪುರದ ಆದಿಲ್‌ಶಾಹಿ ಮನೆತನವನ್ನು ಸ್ಥಾಪಿಸಿದ ಯೂಸುಫ್ ಆದಿಲ್ ಶಾಹನನ್ನು ಹೂಳಿದ್ದು ಬಿಜಾಪುರದಲ್ಲಲ್ಲ, ಈ ದರ್ಗಾದ ಆವರಣದಲ್ಲಿ. ಗೋಳಗುಮ್ಮಟವನ್ನು ನೋಡಿ ಬಂದವರಲ್ಲಿ ಆ ಮನೆತನದ ಮೂಲಪುರುಷನ ಗೋರಿ ಗೋಗಿಯಲ್ಲಿದೆಯೆಂದು ತಿಳಿದವರು ಕಡಿಮೆ.

ಬಾದಶಹನ ಕೊನೆಯ ಮುತ್ತಿಗೆ

ಸುರಪುರದ ನಾಯಕರು ಬೇಡರು. ಇವರ ಮೊದಲಿನ ಬಲವಾದ ನೆಲೆ ಸಗರ. 1686ರಲ್ಲಿ ಬಿಜಾಪುರವನ್ನೂ 1687ರಲ್ಲಿ ಗೋಲ್ಕೊಂಡವನ್ನೂ ಗೆದ್ದ ಔರಂಗಜೇಬನಿಗೆ ಎರಡು ದೊಡ್ಡ ರಾಜ್ಯಗಳ ನಡುವಿನ ಈ ಗುಡ್ಡಗಾಡು ಮಾತ್ರ ಕೈಗೆ ಸಿಗದೆ ಉಳಿದಿತ್ತು. 1687ರ ಕೊನೆಗೆ ಪಾಮ ನಾಯಕ ಸಗರವನ್ನು ಮೊಗಲರಿಗೆ ಒಪ್ಪಿಸಿ ಬಾದಶಹನ ದರ್ಬಾರಿಗೆ ಹೋದ. ಹೋದ ಸ್ವಲ್ಪ ದಿನಗಳಲ್ಲೇ ತೀರಿಕೊಂಡ. ಅವನ ಉತ್ತರಾಧಿಕಾರಿ ಪಿಡ್ಡ ನಾಯಕ ಸಗರವನ್ನು ಮರಳಿ ಪಡೆಯುವ ಗೋಜಿಗೆ ಹೋಗದೆ, ಈಗಿನ ಸುರಪುರದ ಪಶ್ಚಿಮಕ್ಕಿರುವ ವಾಗಣಗೇರಾದ ಗುಡ್ಡವನ್ನು ಗಟ್ಟಿ ಮಾಡಿಕೊಂಡ. ಮೊಗಲರು ಸೈನ್ಯ ಕಳಿಸಿದಾಗಲೆಲ್ಲ ಕಪ್ಪ ಕೊಡುತ್ತ, ಸೈನ್ಯ ತಿರುಗಿದ ಮೇಲೆ ಬಂದೂಕುಗಾರರನ್ನು ಕೂಡಿಸುತ್ತ ಕಾಲ ಕಳೆದ.

ಕಡೆಗೆ 1705ರ ಫೆಬ್ರುವರಿಯಲ್ಲಿ ಬಾದಶಹನೇ ಬಂದ. ಆಗ ಔರಂಗಜೇಬನಿಗೆ ಎಂಬತ್ತಾರು ದಾಟಿತ್ತು. ಕಾಬೂಲಿನಿಂದ ದಕ್ಷಿಣದವರೆಗೆ ಹರಡಿದ ರಾಜ್ಯದ ಒಡೆಯ ಒಂದು ಬೇಡರ ಕೋಟೆಯ ಮುಂದೆ ಎರಡೂವರೆ ತಿಂಗಳು ಡೇರೆ ಹಾಕಿ ಕೂತ. ಮಾರ್ಚಿಯಲ್ಲಿ ಧನಾಜಿ ಜಾಧವನ ಮರಾಠಾ ಕುದುರೆ ದಂಡು ನಾಯಕನ ನೆರವಿಗೆ ಬಂತು. ಕೋಟೆಯೊಳಗಿದ್ದ ತಮ್ಮವರ ಹೆಂಗಸರು ಮಕ್ಕಳನ್ನು ಮರಾಠರು ಹೊರಗೆ ಸಾಗಿಸಿಕೊಂಡರು. ಮೊಗಲರ ಕಡೆಗೆ ಜುಲ್ಫಿಕಾರ್ ಖಾನ್ ಬಂದು ಸೇರಿದ ಮೇಲೆ ಏಪ್ರಿಲ್ 27ರಂದು ಕೋಟೆ ಬಿದ್ದಿತು. ಬಿದ್ದಿತು ಎನ್ನುವುದಕ್ಕಿಂತ ಖಾಲಿಯಾಯಿತು ಎನ್ನಬೇಕು. ಪಿಡ್ಡ ನಾಯಕ ತನ್ನವರೊಂದಿಗೆ ರಾತ್ರಿ ಗುಡ್ಡದ ಹಿಂಬದಿಯಿಂದ ಇಳಿದು ಹೋಗಿದ್ದ. ಮೊಗಲರಿಗೆ ಸಿಕ್ಕಿದ್ದು ಉರಿಯುತ್ತಿದ್ದ ಮನೆಗಳು.

ಔರಂಗಜೇಬ ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಇದು. ಮಳೆಗಾಲ ಕಳೆಯಲು ಆತ ಕೃಷ್ಣೆಯ ಬದಿಯ ದೇವಾಪುರದಲ್ಲಿ ಬೀಡುಬಿಟ್ಟ. ಅಲ್ಲಿ ಕಾಯಿಲೆ ಬಿದ್ದು, ಬಾದಶಹ ಬದುಕುವುದಿಲ್ಲವೆಂಬ ಸುದ್ದಿ ಪಾಳೆಯದಲ್ಲೆಲ್ಲ ಹಬ್ಬಿತು. ಹೇಗೋ ಚೇತರಿಸಿಕೊಂಡು ಉತ್ತರಕ್ಕೆ ಹೊರಟು ಅಹಮದನಗರ ಸೇರಿದ. 1707ರಲ್ಲಿ ಅಲ್ಲಿಯೇ ತೀರಿಕೊಂಡ. ದಂಡು ಹೋದ ಮೇಲೆ ನಾಯಕರು ಮರಳಿ ಬಂದರು. ಅವರ ರಾಜಧಾನಿ ಸುರಪುರದ ಗುಡ್ಡಕ್ಕೆ ಬಂದು ನಿಂತಿತು.

ಸುರಪುರವೆಂಬ ಹೆಸರಿಗೆ ಸುರರ ಪುರ ಎಂದು ಕೆಲವರು, ಶೂರರ ಪುರ ಎಂದು ಕೆಲವರು ಅರ್ಥ ಹೇಳುತ್ತಾರೆ. ಇಂಗ್ಲಿಷರ ದಾಖಲೆಗಳಲ್ಲಿ ಅದು ಶೋರಾಪುರವಾಗಿದೆ. ಬಂಡೆಗಳ ಗುಡ್ಡಗಳು ನಾಲ್ಕೂ ಕಡೆಯಿಂದ ಸುತ್ತುವರಿದು, ಊರು ನಡುವಿನ ಎತ್ತರದ ನೆಲದ ಮೇಲೆ ಕೂತಿದೆ. ದಾರಿಗಳೆಲ್ಲ ಇಕ್ಕಟ್ಟಿನ ಏರುಗಳು. ಫಿರಂಗಿಯನ್ನು ಎಳೆದು ತರುವುದು ಕಷ್ಟ, ಕುದುರೆ ದಂಡಿಗೆ ಹರಡಿಕೊಳ್ಳಲು ಜಾಗವಿಲ್ಲ. ಗುಡ್ಡದ ಮರೆಯಿಂದ ಬಂದೂಕು ಹೊಡೆಯುವ ಬೇಡರಿಗೆ ಇದಕ್ಕಿಂತ ಒಳ್ಳೆಯ ಊರು ಸಿಗುವಂತಿರಲಿಲ್ಲ. ಅರಮನೆ, ವೇಣುಗೋಪಾಲಸ್ವಾಮಿಯ ಗುಡಿ, ಪೇಟೆ ಎಲ್ಲವೂ ಈ ಲೆಕ್ಕಾಚಾರದ ಒಳಗೇ ಬೆಳೆದವು. ಬಂಗಾರದ ಬಣ್ಣ ಬಳಸಿ ಚಿಕ್ಕ ಚಿತ್ರಗಳನ್ನು ಬರೆಯುವ ಚಿತ್ರಕಾರರು ಆಸ್ಥಾನದ ಆಶ್ರಯದಲ್ಲಿ ತಮ್ಮದೇ ಒಂದು ಶೈಲಿಯನ್ನು ರೂಢಿಸಿಕೊಂಡರು.

ಗುಡ್ಡದ ಮೇಲಿನ ಬಂಗಲೆ

ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಗುಡ್ಡದ ರಕ್ಷಣೆ ಸಾಕಾಗದೆ ಹೋಯಿತು. ಈ ಸಲ ಶತ್ರು ಬಂದದ್ದು ಸಾಲದ ರೂಪದಲ್ಲಿ. ಸುರಪುರ ನಿಜಾಮರಿಗೆ ಕಪ್ಪ ಕೊಡುವ ಸಂಸ್ಥಾನ. ಪಟ್ಟಕ್ಕೆ ಬರುವ ಪ್ರತಿಯೊಬ್ಬ ರಾಜನೂ ನಜರಾಣೆ ಸಲ್ಲಿಸಬೇಕು. ಕೃಷ್ಣಪ್ಪ ನಾಯಕನ ಕಾಲಕ್ಕೆ ಬಾಕಿ ಏರುತ್ತ ಹೋಗಿ, ಸಂಸ್ಥಾನದ ಹಣಕಾಸಿನಲ್ಲಿ ಇಂಗ್ಲಿಷರು ಕೈಯಾಡಿಸುವಂತಾಯಿತು. 1841ರಲ್ಲಿ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಏಳರ ಹುಡುಗ. ರಾಣಿ ಈಶ್ವರಮ್ಮ ಒಂದು ಕಡೆ, ರಾಜನ ತಮ್ಮ ಪಿಡ್ಡ ನಾಯಕ ಇನ್ನೊಂದು ಕಡೆ. ಇವರ ನಡುವೆ ಆಡಳಿತ ನೋಡಿಕೊಳ್ಳಲು ಬಂದವನು ಕ್ಯಾಪ್ಟನ್ ಮೆಡೋಸ್ ಟೇಲರ್.

ಟೇಲರ್ ನಿಜಾಮರ ಸೈನ್ಯದ ಅಧಿಕಾರಿ. ಠಕ್ಕರ ಬಗ್ಗೆ 1839ರಲ್ಲಿ ಬರೆದ ಕಾದಂಬರಿಯಿಂದ ಇಂಗ್ಲೆಂಡಿನಲ್ಲಿ ಆಗಲೇ ಹೆಸರು ಮಾಡಿದ್ದ. ಸುರಪುರದಲ್ಲಿ 1853ರವರೆಗೆ ಇದ್ದ. ಹೊಲಗಳನ್ನು ಅಳೆಸಿದ, ಲೆಕ್ಕಪತ್ರ ಸರಿಪಡಿಸಿದ, ರಸ್ತೆ ಮಾಡಿಸಿದ. ಪಾಮ ನಾಯಕನ ಕಾಲದ್ದೆನ್ನುವ ಬೋನಾಳದ ಕೆರೆಯನ್ನು ಹೆಚ್ಚಿಸಿದ. ಆ ಕೆರೆ ಈಗ ಪಕ್ಷಿಧಾಮ. ಬಿಡುವಿನಲ್ಲಿ ರಾಜನಕೋಳೂರಿನ ಕಲ್ಲುಗೋರಿಗಳು, ವಿಭೂತಿಹಳ್ಳಿಯಲ್ಲಿ ಸಾಲಾಗಿ ನೆಟ್ಟ ಬಂಡೆಗಳು ಇವನ್ನೆಲ್ಲ ಅಳೆದು, ಚಿತ್ರ ಬರೆದು, ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ. ದಕ್ಷಿಣದ ಬೃಹತ್ ಶಿಲಾ ಸಮಾಧಿಗಳ ಶಾಸ್ತ್ರೀಯ ಅಧ್ಯಯನದ ಆರಂಭವನ್ನು ಹೇಳುವವರು ಸುರಪುರದ ಹೆಸರು ಹೇಳದೆ ಮುಂದೆ ಹೋಗುವಂತಿಲ್ಲ. ಗುಡ್ಡದ ಮೇಲೆ ಅವನು ತಾನೇ ನಕ್ಷೆ ಹಾಕಿ ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಇಂದಿಗೂ ನಿಂತಿದೆ.

ಬಾಲರಾಜ ಟೇಲರನನ್ನು ಅಪ್ಪಾ ಎಂದು ಕರೆಯುತ್ತಿದ್ದ. ಟೇಲರನೂ ಹುಡುಗನನ್ನು ಪ್ರೀತಿಯಿಂದ ಬೆಳೆಸಿದನೆಂಬುದರಲ್ಲಿ ಸಂಶಯವಿಲ್ಲ. ಆದರೆ ಸಂಬಂಧದ ಇನ್ನೊಂದು ಮುಖವನ್ನೂ ನೋಡಬೇಕು. ರಾಣಿಯ ಅಧಿಕಾರವನ್ನು ಕಿತ್ತುಕೊಂಡವನೂ, ಬೇಡರ ದಂಡಿನ ಮುಖಂಡರನ್ನು ತಗ್ಗಿಸಿದವನೂ ಇವನೇ. ಹುಡುಗ ಬೆಳೆದದ್ದು ಅರಮನೆಯಲ್ಲಿ. ಅಲ್ಲಿ ಕೇಳಿದ ಮಾತುಗಳೂ ಟೇಲರ್ ಹೇಳಿಕೊಟ್ಟ ಪಾಠಗಳೂ ಒಂದೇ ಆಗಿರಲಿಲ್ಲ. 1853ರಲ್ಲಿ ವೆಂಕಟಪ್ಪ ನಾಯಕ ಅಧಿಕಾರ ವಹಿಸಿಕೊಂಡ. ಟೇಲರ್ ನಳದುರ್ಗಕ್ಕೆ ವರ್ಗವಾಗಿ ಹೋದ.

1858ರ ಫೆಬ್ರುವರಿ

ನಾಲ್ಕು ವರ್ಷ ಕಳೆದವು. 1857ರಲ್ಲಿ ಉತ್ತರದಲ್ಲಿ ಎದ್ದ ಬೆಂಕಿಯ ಕಿಡಿಗಳು ಕೃಷ್ಣೆಯ ಬಯಲಿಗೂ ಬಂದು ಬಿದ್ದವು. ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯ್ದೆಯನ್ನು ಧಿಕ್ಕರಿಸಿ ಆ ವರ್ಷದ ನವೆಂಬರಿನಲ್ಲಿ ಹಲಗಲಿಯ ಬೇಡರು ಕಾದಾಡಿದರು. ನರಗುಂದದ ಬಾಬಾಸಾಹೇಬ, ಮುಂಡರಗಿಯ ಭೀಮರಾಯರ ಹೆಸರುಗಳು ಕೇಳಿಬರುತ್ತಿದ್ದವು. ಸುರಪುರದಲ್ಲೂ ದಂಡು ಕೂಡುತ್ತಿದೆಯೆಂಬ ಸುದ್ದಿ ಹೈದರಾಬಾದಿನ ರೆಸಿಡೆಂಟನಿಗೆ ತಲುಪಿತು. ರಾಜನ ಮೇಲೆ ಕಣ್ಣಿಡಲು ಕ್ಯಾಪ್ಟನ್ ಕ್ಯಾಂಪ್‌ಬೆಲ್ ಬಂದ. ಅವನ ಹಿಂದೆ ಲಿಂಗಸುಗೂರಿನಿಂದ ಕ್ಯಾಪ್ಟನ್ ವಿಂಡ್‌ಹ್ಯಾಮನ ಪಡೆ ಬಂದು ಊರ ಹೊರಗೆ ಇಳಿಯಿತು.

ಫೆಬ್ರುವರಿ 7ರ ರಾತ್ರಿ ಬೇಡರು ಆ ಪಾಳೆಯದ ಮೇಲೆ ಬಿದ್ದರು. ಮರುದಿನ ಮದರಾಸಿನ ಪಡೆಯೂ ಬಂದು ಸೇರಿಕೊಂಡಿತು. ಅಂದಿನ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಆದರೆ ಇನ್ನಷ್ಟು ಪಡೆಗಳು ಬೇರೆ ಬೇರೆ ದಿಕ್ಕಿನಿಂದ ಹತ್ತಿರವಾಗುತ್ತಿದ್ದವು. ರಾತ್ರಿ ವೆಂಕಟಪ್ಪ ನಾಯಕ ಕೆಲವೇ ಸವಾರರೊಂದಿಗೆ ಊರು ಬಿಟ್ಟ. ನೂರೈವತ್ತು ವರ್ಷಗಳ ಹಿಂದೆ ಪಿಡ್ಡ ನಾಯಕ ಮಾಡಿದ್ದೂ ಇದನ್ನೇ. ಅವನು ಗುಡ್ಡಗಳಲ್ಲಿ ಮರೆಯಾಗಿ, ದಂಡು ತಿರುಗುವವರೆಗೆ ಕಾದ. ಇವನು ಹೋದದ್ದು ಹೈದರಾಬಾದಿಗೆ. ಅಲ್ಲಿ ಸಿಕ್ಕಿಬಿದ್ದ.

ಸೆರೆಯಲ್ಲಿದ್ದ ರಾಜನನ್ನು ಟೇಲರ್ ಹೋಗಿ ನೋಡಿದ. ಆ ಭೇಟಿಯನ್ನು ಅವನು ತನ್ನ ಆತ್ಮಕಥೆಯಲ್ಲಿ ವಿವರವಾಗಿ ಬರೆದಿದ್ದಾನೆ. ಕಳ್ಳನನ್ನು ನೇಣಿಗೆ ಹಾಕಿದಂತೆ ತನ್ನನ್ನು ಹಾಕಬಾರದು, ತೋಪಿನ ಬಾಯಿಗೆ ಕಟ್ಟಿ ಹಾರಿಸಲಿ ಎಂದು ರಾಜ ಕೇಳಿಕೊಂಡನಂತೆ. ಜೊತೆಗಿದ್ದವರ ಹೆಸರು ಹೇಳಿದರೆ ಕ್ಷಮೆ ಸಿಗಬಹುದೆಂಬ ಸೂಚನೆಗೆ ಆತ ಒಪ್ಪಲಿಲ್ಲ. ವಿಚಾರಣೆಯಲ್ಲಿ ಮರಣದಂಡನೆಯಾಯಿತು. ರೆಸಿಡೆಂಟ್ ಅದನ್ನು ಜೀವಾವಧಿ ಗಡಿಪಾರಿಗೆ ಇಳಿಸಿದ. ಗವರ್ನರ್ ಜನರಲ್ ಇನ್ನೂ ಇಳಿಸಿ, ಮದರಾಸಿನ ಬಳಿಯ ಚೆಂಗಲ್‌ಪಟ್ಟಿನಲ್ಲಿ ನಾಲ್ಕು ವರ್ಷ ಸೆರೆ ಎಂದು ಮಾಡಿದ. ನಡತೆ ಸರಿಯಾಗಿದ್ದರೆ ಸಂಸ್ಥಾನವನ್ನು ಮರಳಿ ಕೊಡುವ ಭರವಸೆಯೂ ಇತ್ತು. ಚೆಂಗಲ್‌ಪಟ್ಟಿಗೆ ಹೊರಟ ದಾರಿಯ ಮೊದಲ ಬೀಡಿನಲ್ಲೇ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ರಾಜ ಸತ್ತ. ಆಗ ಅವನಿಗೆ ಇಪ್ಪತ್ತನಾಲ್ಕರ ಪ್ರಾಯ. ಪಿಸ್ತೂಲು ಅವನ ಕೈಯಲ್ಲೇ ಹಾರಿತೆಂದು ಟೇಲರನ ಬರಹ. ರಾಜನನ್ನು ಕೊಂದರೆಂದು ಸಗರನಾಡಿನ ಜನರ ನಂಬಿಕೆ.

ಎರಡು ವರ್ಷಗಳ ಮೇಲೆ ಸುರಪುರದ ಭವಿಷ್ಯ ಒಂದು ಕರಾರಿನ ಒಂದು ಕಲಮಿನಲ್ಲಿ ತೀರ್ಮಾನವಾಯಿತು. ದಂಗೆಯ ಕಾಲದಲ್ಲಿ ನಿಜಾಮರು ಇಂಗ್ಲಿಷರ ಪಕ್ಷದಲ್ಲಿ ನಿಂತಿದ್ದರು. ಅದಕ್ಕೆ ಬಹುಮಾನವಾಗಿ 1860ರ ಒಪ್ಪಂದದಲ್ಲಿ ರಾಯಚೂರು ದೋಆಬ್ ಮತ್ತು ನಳದುರ್ಗವನ್ನು ಅವರಿಗೆ ಮರಳಿಸಲಾಯಿತು. ಸಾಲವನ್ನು ಬಿಡಲಾಯಿತು. ಅದೇ ಕರಾರಿನಲ್ಲಿ ಸುರಪುರವನ್ನೂ ಕೊಟ್ಟುಬಿಟ್ಟರು. ರಾಜಧಾನಿಯೊಂದು ಹೀಗೆ ಕಾಣಿಕೆಯ ತಟ್ಟೆಯಲ್ಲಿ ಹೋಗಿ ನಿಜಾಮರ ರಾಜ್ಯದ ಮೂಲೆಯ ತಾಲ್ಲೂಕಾಯಿತು. ಮೊದಲು ಅದು ಲಿಂಗಸುಗೂರು ಜಿಲ್ಲೆಯಲ್ಲಿತ್ತು. ಆ ಜಿಲ್ಲೆಯನ್ನು 1905ರಲ್ಲಿ ರದ್ದು ಮಾಡಿದಾಗ ಸುರಪುರ, ಶಹಾಪುರ ಎರಡೂ ಗುಲಬರ್ಗಾ ಜಿಲ್ಲೆಗೆ ಸೇರಿದವು.

ಆಚೆ ದಂಡೆಯ ರೈಲು

ಅರಸೊತ್ತಿಗೆ ಹೋದ ಊರುಗಳೆಲ್ಲ ಬಡವಾಗಬೇಕೆಂದೇನೂ ಇಲ್ಲ. ವ್ಯಾಪಾರದಿಂದ ಬೆಳೆದ ಹಳೆಯ ರಾಜಧಾನಿಗಳು ಎಷ್ಟೋ ಇವೆ. ಸುರಪುರಕ್ಕೆ ಆ ದಾರಿಯೂ ಸಿಗಲಿಲ್ಲ. ಅದಕ್ಕೆ ಕಾರಣ ರೈಲು.

ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದರಾಸಿನಿಂದ ಹೊರಟ ಮದರಾಸು ರೈಲ್ವೆಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಎರಡು ಬಂದರುಗಳನ್ನು ಜೋಡಿಸುವುದು ಈ ಮಾರ್ಗದ ಉದ್ದೇಶ. ನಡುವಿನ ಊರುಗಳ ಅನುಕೂಲ ಆಮೇಲಿನ ಮಾತು. ಸೊಲ್ಲಾಪುರ, ಗುಲಬರ್ಗಾ, ವಾಡಿ ದಾಟಿ ಬಂದ ಹಳಿ ಭೀಮೆಯ ಎಡದಂಡೆಗುಂಟ ಇಳಿದು ಯಾದಗಿರಿಯನ್ನು ಮುಟ್ಟಿತು. ಈ ಭಾಗದಲ್ಲಿ ಅದಕ್ಕೆ ಭೀಮೆಯನ್ನು ದಾಟುವ ಅಗತ್ಯ ಬೀಳಲಿಲ್ಲ. ಎರಡು ಹೊಳೆಗಳು ಕೂಡಿದ ಮೇಲೆ ಕೃಷ್ಣೆಯನ್ನು ಒಮ್ಮೆ ದಾಟಿದರೆ ರಾಯಚೂರು. ಹೊಳೆಗಳ ನಡುವಿನ ಶಹಾಪುರ, ಸುರಪುರಗಳು ಹಾಗೆಯೇ ಬದಿಗೆ ಉಳಿದವು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಮಾರ್ಗವಾದಾಗ ಹೈದರಾಬಾದೂ ಯಾದಗಿರಿಗೆ ಹತ್ತಿರವಾಯಿತು.

ಯಾದಗಿರಿಗೂ ಹಳೆಯ ಚರಿತ್ರೆಯುಂಟು. ಊರಿನ ನೆತ್ತಿಯ ಮೇಲೆ ಗುಡ್ಡವಿದೆ, ಗುಡ್ಡದ ಮೇಲೆ ಕೋಟೆಯಿದೆ. ಹೆಸರಿನ ಮೂಲವನ್ನು ಜನ ಯಾದವರಿಗೆ ಜೋಡಿಸುತ್ತಾರೆ. ಹತ್ತಿರದ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಸಂಕ್ರಾಂತಿಗೆ ದೂರದೂರದಿಂದ ಭಕ್ತರು ಬರುತ್ತಾರೆ. ಆದರೆ ಊರಿನ ಬೆಳವಣಿಗೆ ಕೋಟೆಯ ಕಡೆಯಿಂದ ಸ್ಟೇಷನ್ನಿನ ಕಡೆಗೆ ತಿರುಗಿದ್ದು ರೈಲು ಬಂದ ಮೇಲೆ. ಸಗರನಾಡಿನ ಹತ್ತಿ, ಶೇಂಗಾ, ತೊಗರಿ ಚಕ್ಕಡಿಗಳಲ್ಲಿ ಭೀಮೆ ದಾಟಿ ಯಾದಗಿರಿಗೆ ಬರತೊಡಗಿತು. ಮಳೆಗಾಲದಲ್ಲಿ ಹೊಳೆ ಬಂದರೆ ದಾರಿ ನಿಂತಿತು. ಬೆಳೆದವರು ಈಚೆ ದಂಡೆಯಲ್ಲಿ, ಕೊಳ್ಳುವವರು ಆಚೆ ದಂಡೆಯಲ್ಲಿ. ಮೊದಲು ಹೊಳೆ ಶತ್ರುವನ್ನು ತಡೆಯುತ್ತಿತ್ತು, ಈಗ ಬೆಳೆಯನ್ನು ತಡೆಯಿತು.

ಗುಡ್ಡದ ಊರಿನ ಗುಣಗಳೇ ಈಗ ದೋಷಗಳಾದವು. ಇಕ್ಕಟ್ಟಿನ ಏರುದಾರಿ ಶತ್ರುವಿನ ತೋಪಿಗೆ ಎಷ್ಟು ಕಷ್ಟವೋ ಹತ್ತಿಯ ಗಾಡಿಗೂ ಅಷ್ಟೇ ಕಷ್ಟ. ಸುರಪುರ ತನ್ನ ಅರಮನೆ, ಗುಡಿ, ನೆನಪುಗಳೊಂದಿಗೆ ಹಾಗೆಯೇ ಕೂತಿತು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿದಾಗ, 1956ರ ನವೆಂಬರಿನಲ್ಲಿ ಈ ಭಾಗ ವಿಶಾಲ ಮೈಸೂರಿಗೆ ಸೇರಿದಾಗ, ರೈಲಿಗಾಗಿ ಸುರಪುರದವರು ನೋಡಬೇಕಾದ ದಿಕ್ಕು ಬದಲಾಗಿರಲಿಲ್ಲ.

ಕೃಷ್ಣೆ ಹೊಲಕ್ಕೆ ಬಂದಾಗ

ಮೂರನೆಯ ತಿರುವು ನೀರಿನದು. ಎರಡು ದೊಡ್ಡ ಹೊಳೆಗಳ ನಡುವೆ ಇದ್ದರೂ ಸಗರನಾಡು ಬರಗಾಲದ ಸೀಮೆ. ಹೊಳೆಗಳು ಆಳದಲ್ಲಿ ಹರಿಯುತ್ತವೆ, ಹೊಲಗಳು ಎತ್ತರದಲ್ಲಿವೆ. ಮಳೆ ಕೈಕೊಟ್ಟರೆ ಹೊಳೆ ಕಣ್ಣಿಗೆ ಕಂಡರೂ ಬಾಯಿಗೆ ಸಿಗುವುದಿಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರ ಮೇ ತಿಂಗಳಲ್ಲಿ ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು. ಆಲಮಟ್ಟಿಯಿಂದ ಕೆಳಗೆ, ಆಗಿನ ಸುರಪುರ ತಾಲ್ಲೂಕಿನ ನಾರಾಯಣಪುರದಲ್ಲಿ ಕಟ್ಟಿದ ಆಣೆಕಟ್ಟು 1982ರಲ್ಲಿ ಮುಗಿಯಿತು. ಹತ್ತು ಕಿಲೋಮೀಟರಿಗೂ ಹೆಚ್ಚು ಉದ್ದದ ಈ ಕಟ್ಟೆಯ ಹಿಂದೆ ನಿಲ್ಲುವ ನೀರು ಸುಮಾರು 33 ಟಿಎಂಸಿ. ಬಸವಸಾಗರ ಎಂದು ಅದಕ್ಕೆ ಹೆಸರು.

ಅಲ್ಲಿಂದ ಹೊರಡುವ ನಾರಾಯಣಪುರ ಎಡದಂಡೆ ಕಾಲುವೆ ಹುಣಸಗಿ, ಸುರಪುರ, ಶಹಾಪುರ ಸೀಮೆಗಳ ಹೊಲಗಳಿಗೆ ನೀರು ಒಯ್ಯುತ್ತದೆ. ಹುಣಸಗಿ ಶಾಖೆ, ಶಹಾಪುರ ಶಾಖೆ, ಮುಡಬಾಳ ಶಾಖೆ ಎಂದು ಕವಲೊಡೆಯುತ್ತದೆ. ಶಹಾಪುರದ ಪಕ್ಕದ ಭೀಮರಾಯನಗುಡಿಯಲ್ಲಿ ಯೋಜನೆಯ ಕಚೇರಿಗಳೂ ಸಿಬ್ಬಂದಿಯ ಮನೆಗಳೂ ಸೇರಿ ಒಂದು ಹೊಸ ಊರೇ ಎದ್ದಿತು. ಜೋಳ, ಸಜ್ಜೆ ಬೆಳೆಯುತ್ತಿದ್ದ ಎರೆ ಹೊಲಗಳಲ್ಲಿ ಭತ್ತ ಬಂತು. ಆಂಧ್ರದ ಡೆಲ್ಟಾ ಸೀಮೆಯ ರೈತರು ಬಂದು ಭೂಮಿ ಕೊಂಡು ಕ್ಯಾಂಪುಗಳನ್ನು ಕಟ್ಟಿಕೊಂಡರು. ಅಕ್ಕಿ ಗಿರಣಿಗಳು, ಗೊಬ್ಬರದ ಅಂಗಡಿಗಳು, ಟ್ರ್ಯಾಕ್ಟರುಗಳು ಬಂದವು. ಶತಮಾನಗಳಿಂದ ಗುಡ್ಡವನ್ನೇ ನೋಡುತ್ತಿದ್ದ ಶಹಾಪುರ ಕಾಲುವೆಯ ಕಡೆಗೆ ಮುಖ ಮಾಡಿತು.

ನೀರು ಬಂದದ್ದು ಎಲ್ಲರಿಗೂ ಸಮನಾಗಿ ಬರಲಿಲ್ಲ. ಕಾಲುವೆಯ ತಲೆಯಲ್ಲಿರುವವರು ಭತ್ತಕ್ಕೆ ನಿಲ್ಲಿಸಿಕೊಂಡರೆ ಕಾಲುವೆಯ ಬಾಲದಲ್ಲಿರುವವರಿಗೆ ಮೆಣಸಿನಕಾಯಿಗೂ ಸಾಲುವುದಿಲ್ಲ. ಸರದಿಯ ಪ್ರಕಾರ ನೀರು ಬಿಡಿ, ಇನ್ನೊಂದು ವಾರ ಹೆಚ್ಚು ಬಿಡಿ ಎಂಬ ಹೋರಾಟಗಳು ಬೇಸಿಗೆ ಬೆಳೆಯ ಕಾಲದಲ್ಲಿ ಇಲ್ಲಿ ಮಾಮೂಲು. ನೀರು ಹೆಚ್ಚಾಗಿ ನಿಂತ ತಗ್ಗಿನ ಎರೆ ಭೂಮಿ ಜೌಗು ಹಿಡಿದು, ಸವಳಾಗಿ ಕೆಡುವ ಇನ್ನೊಂದು ತೊಂದರೆಯೂ ಇದೆ. ಭೂಮಿಯ ಒಳಗಿನ ಸಂಪತ್ತೂ ಇಲ್ಲಿ ಸರಳವಾಗಿ ಕೈಗೆ ಬರುವಂಥದ್ದಲ್ಲ. ಆದಿಲ್‌ಶಾಹಿ ಗೋರಿಗಳಿರುವ ಅದೇ ಗೋಗಿಯ ನೆಲದಡಿಯಲ್ಲಿ ಯುರೇನಿಯಂ ಅದಿರು ಪತ್ತೆಯಾಗಿದೆ. ಅದನ್ನು ತೆಗೆದರೆ ತಮ್ಮ ನೀರಿನ, ಆರೋಗ್ಯದ ಗತಿಯೇನೆಂಬ ಪ್ರಶ್ನೆಯನ್ನು ಸುತ್ತಲಿನ ಹಳ್ಳಿಗಳವರು ಎತ್ತಿದ್ದಾರೆ.

ಹೊಸ ಜಿಲ್ಲೆ, ಹಳೆಯ ಪ್ರಶ್ನೆ

ಹೀಗಿರುವಾಗ 2009ರ ತೀರ್ಮಾನ ಯಾದಗಿರಿಯ ಕಡೆಗೆ ವಾಲಿದ್ದರಲ್ಲಿ ಅಚ್ಚರಿಯಿಲ್ಲ. ಒಂದು ಶತಮಾನಕ್ಕೂ ಹೆಚ್ಚು ಕಾಲ ರೈಲು ಸ್ಟೇಷನ್ನಿನ ಸುತ್ತ ಬೆಳೆದ ಪೇಟೆಗೆ ಕಚೇರಿಗಳೂ ಬಂದು ಸೇರಿದವು. ಹಳಿಯ ಬದಿಗೇ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶವೂ ಬಂತು. ಮೂರು ತಾಲ್ಲೂಕುಗಳಿಂದ ಆರಂಭವಾದ ಜಿಲ್ಲೆಯಲ್ಲಿ ಆಮೇಲೆ ಗುರುಮಠಕಲ್, ವಡಗೇರಾ, ಹುಣಸಗಿ ತಾಲ್ಲೂಕುಗಳಾದವು. ಒಮ್ಮೆ ಸಂಸ್ಥಾನದ ರಾಜಧಾನಿಯಾಗಿದ್ದ ಸುರಪುರ ತನ್ನ ತಾಲ್ಲೂಕಿನಲ್ಲೂ ಒಂದು ಪಾಲನ್ನು ಹುಣಸಗಿಗೆ ಬಿಟ್ಟುಕೊಟ್ಟಿತು.

ಆದರೆ ಗೆದ್ದ ಊರಿನ ಜಿಲ್ಲೆಯೂ ನಿರಾಳವಾಗಿಲ್ಲ. 2011ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯ ಜನಸಂಖ್ಯೆ 11.74 ಲಕ್ಷ. ಅಕ್ಷರ ಬಲ್ಲವರು ಶೇಕಡ 52ರಷ್ಟು. ಆ ಗಣತಿಯಲ್ಲಿ ರಾಜ್ಯದ ಜಿಲ್ಲೆಗಳಲ್ಲೆಲ್ಲ ಅದೇ ಕಡೆಯ ಸ್ಥಾನ. ಸಂವಿಧಾನದ 371ಜೆ ವಿಧಿಯಲ್ಲಿ ಈ ಭಾಗಕ್ಕೆ ವಿಶೇಷ ಸ್ಥಾನ ಸಿಕ್ಕಿದ್ದು ಇಂಥ ಅಂಕಿಅಂಶಗಳ ಕಾರಣದಿಂದಲೇ. ಸುಗ್ಗಿ ಮುಗಿದ ಮೇಲೆ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೆ, ಮುಂಬಯಿಗೆ ಗುಳೆ ಹೋಗುವ ಕುಟುಂಬಗಳು ಯಾದಗಿರಿ ಸ್ಟೇಷನ್ನಿನಲ್ಲಿ ಕಾಣಸಿಗುತ್ತವೆ. ಹತ್ತಿಯನ್ನು ಹೊರಗೆ ಒಯ್ಯಲು ಬಂದ ರೈಲು ಈಗ ಹತ್ತಿ ಬಿಡಿಸುವವರನ್ನೂ ಹೊರಗೆ ಒಯ್ಯುತ್ತಿದೆ. ಕಾಲುವೆಯ ಬಾಲದ ಹಳ್ಳಿಗಳಿಂದ ಬಂದವರೂ ಅವರಲ್ಲಿದ್ದಾರೆ.

ಈ ಊರುಗಳ ಚರಿತ್ರೆಯನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಗುಡ್ಡವನ್ನು ಆರಿಸಿಕೊಂಡವರು ಇಲ್ಲಿನವರೇ. ತಮಗೆ ಎಲ್ಲಿ ರಕ್ಷಣೆಯೆಂಬುದನ್ನು ಬೇಡ ನಾಯಕರು ತಾವೇ ತೀರ್ಮಾನಿಸಿದರು. ಆಮೇಲಿನ ತೀರ್ಮಾನಗಳೆಲ್ಲ ಬೇರೆಡೆಯವು. 1860ರ ಕರಾರು ಇಂಗ್ಲಿಷರಿಗೂ ನಿಜಾಮರಿಗೂ ನಡುವಿನದು. ರೈಲಿನ ಗೆರೆ ಎಳೆದದ್ದು ಮುಂಬಯಿ, ಮದರಾಸುಗಳ ಅನುಕೂಲಕ್ಕೆ. ಕಾಲುವೆಯ ನೀರು ಎಂದು ಬರಬೇಕು, ಎಷ್ಟು ದಿನ ಹರಿಯಬೇಕು ಎಂಬುದು ಸಲಹಾ ಸಮಿತಿಗಳ ಸಭೆಯಲ್ಲಿ ನಿರ್ಧಾರವಾಗುತ್ತದೆ. ಪ್ರತಿ ಸಲವೂ ಊರು ತನಗೆ ಸಿಕ್ಕದ್ದರ ಸುತ್ತ ತನ್ನನ್ನು ಹೊಂದಿಸಿಕೊಂಡಿದೆ.

ಈಗ ನಾಲ್ಕನೆಯ ಗೆರೆಯೊಂದು ಬರುತ್ತಿದೆ. ಗದಗದಿಂದ ವಾಡಿಗೆ ಹೊಸ ರೈಲು ಮಾರ್ಗದ ಕೆಲಸ ನಡೆದಿದೆ. ಕುಷ್ಟಗಿಯವರೆಗೆ 2025ರಲ್ಲಿ ರೈಲು ಓಡಿತು. ಮುಂದೆ ಅದು ಲಿಂಗಸುಗೂರಿನ ಮೇಲೆ ಕೃಷ್ಣೆ ದಾಟಿ, ಸುರಪುರ, ಶಹಾಪುರಗಳ ಸೀಮೆಗೆ ಬಂದು, ಭೀಮೆ ದಾಟಿ ವಾಡಿಗೆ ಸೇರಬೇಕು. 1871ರಲ್ಲಿ ಬಳಸಿ ಹೋದ ನೆಲವನ್ನು ಹಳಿ ಈ ಸಲ ನಡುವೆಯೇ ಹಾಯುತ್ತದೆ. ವಾಗಣಗೇರಾದ ಬಂಡೆಗಳನ್ನೂ ಟೇಲರನ ಬಂಗಲೆಯನ್ನೂ ನೋಡಬರುವವರಿಗೆ ಅನುಕೂಲವಾದೀತು, ಭತ್ತಕ್ಕೆ ಮೆಣಸಿನಕಾಯಿಗೆ ಇನ್ನೊಂದು ಪೇಟೆ ಸಿಕ್ಕೀತು. ಗುಳೆ ಹೋಗುವವರು ಹೊಳೆ ದಾಟಿ ಯಾದಗಿರಿಗೆ ಹೋಗುವ ಬದಲು ಸುರಪುರದಲ್ಲೇ ರೈಲು ಹತ್ತುವಂತಾದರೆ ಅದರಿಂದ ಊರಿಗೆ ಬಂದ ಭಾಗ್ಯ ಹೆಚ್ಚಿನದೇನಲ್ಲ. ರೈಲು ಬರುವುದರೊಳಗೆ ಸಗರನಾಡಿನಲ್ಲಿ ಶಾಲೆ, ಕೆಲಸ, ಬಾಲದ ಹೊಲದವರೆಗೆ ಹರಿಯುವ ನೀರು ಎಷ್ಟರಮಟ್ಟಿಗೆ ಸಿದ್ಧವಾಗಿರುತ್ತದೆ ಎಂಬುದರ ಮೇಲೆ ಈ ಗೆರೆ ಯಾರನ್ನು ಬೆಳೆಸುತ್ತದೆಯೆಂಬುದು ನಿಂತಿದೆ.